ಮಾತ್ರೆ ಕೆಲಸ ಮಾಡುತ್ತಿರುವಾಗ ಕಸಿಯ ಮಾತೇಕೆ?

ರಕ್ತದ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಒಂದು ವಿಚಿತ್ರ ಇಕ್ಕಟ್ಟಿದೆ. ದಾನಿಯ ಸ್ಟೆಮ್ ಸೆಲ್ (ರಕ್ತ ಹುಟ್ಟಿಸುವ ಮೂಲ ಕಣ) ಕಸಿ, ಅಂದರೆ ಜನ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ಎನ್ನುವುದು, ಚೆನ್ನಾಗಿ ಫಲ ಕೊಡುವುದು ಕಾಯಿಲೆ ಹತೋಟಿಯಲ್ಲಿದ್ದಾಗ. ಕಾಯಿಲೆ ಹತೋಟಿಯಲ್ಲಿದ್ದಾಗ ರೋಗಿ ಆರಾಮಾಗಿ ಓಡಾಡಿಕೊಂಡಿರುತ್ತಾರೆ. ಮದುವೆ, ಗೃಹಪ್ರವೇಶ ಅಂತ ಹೋಗಿ ಬರುತ್ತಾರೆ. ಅಂಥ ಹೊತ್ತಲ್ಲಿ ಡಾಕ್ಟರು 'ಅಣ್ಣತಮ್ಮಂದಿರ, ಅಕ್ಕತಂಗಿಯರ ಎಚ್‌ಎಲ್‌ಎ ಪರೀಕ್ಷೆ (ಯಾರ ಕಣ ಹೊಂದುತ್ತದೆ ಎಂದು ನೋಡುವುದು) ಮಾಡಿಸಿ, ಕಸಿ ಮಾಡುವ ವೈದ್ಯರನ್ನು ಒಮ್ಮೆ ಕಾಣಿ' ಎಂದರೆ ಮನೆಯವರಿಗೆ ಸಿಟ್ಟು ಬರುತ್ತದೆ. ಮಾತ್ರೆ ಚೆನ್ನಾಗಿ ಕೆಲಸ ಮಾಡ್ತಿದೆ ಅಲ್ವಾ, ಸುಮ್ನೆ ಯಾಕೆ ಹೆದರಿಸ್ತಾರೆ ಎನ್ನುತ್ತಾರೆ. ಮಾತ್ರೆ ಕೈಕೊಟ್ಟ ಮೇಲೆ ಅವರೇ 'ಕಸಿ ಮಾಡಿಬಿಡಿ' ಎಂದು ಬರುತ್ತಾರೆ. ಬಹಳ ಸಲ ಆಗ ಹೊತ್ತು ಮೀರಿರುತ್ತದೆ.

ದೀರ್ಘಕಾಲದ ಲ್ಯುಕೇಮಿಯಾದಲ್ಲಿ, ಅಂದರೆ ನಿಧಾನವಾಗಿ ಬೆಳೆಯುವ ರಕ್ತದ ಕ್ಯಾನ್ಸರಿನಲ್ಲಿ, ಈ ಇಕ್ಕಟ್ಟು ಇನ್ನೂ ಜಾಸ್ತಿ. ಏಕೆಂದರೆ ಅಲ್ಲಿ ಮಾತ್ರೆಗಳು ನಿಜಕ್ಕೂ ತುಂಬಾ ಒಳ್ಳೆಯವು. ಹಾಗಾದರೆ ಕಸಿ ಇನ್ನೂ ಯಾರಿಗೆ ಬೇಕು? ಬೇಕಾದರೆ ಯಾವಾಗ? ಉತ್ತರ ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಎರಡು ಸಲ ಬದಲಾಗಿದೆ.

ಮೊದಲು ಕಾಯಿಲೆಯ ವಿಷಯ. ದೀರ್ಘಕಾಲದ ಲ್ಯುಕೇಮಿಯಾದಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಸಿಎಂಎಲ್ (ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ), ಇನ್ನೊಂದು ಸಿಎಲ್‌ಎಲ್ (ಕ್ರಾನಿಕ್ ಲಿಂಫೋಸೈಟಿಕ್ ಲ್ಯುಕೇಮಿಯಾ). ಹೆಸರು ಹತ್ತಿರ ಹತ್ತಿರ ಇದ್ದರೂ ಎರಡೂ ಬೇರೆ ಬೇರೆ ಕಾಯಿಲೆ. ಸಿಎಂಎಲ್‌ಗೆ ಕಾರಣ ಒಂದೇ ಒಂದು ಎಡವಟ್ಟು: 9ನೇ ಮತ್ತು 22ನೇ ಕ್ರೋಮೋಸೋಮ್‌ಗಳ ತುಂಡುಗಳು ಅದಲು ಬದಲಾಗಿ ಅಂಟಿಕೊಳ್ಳುತ್ತವೆ. ಹಾಗೆ ಹುಟ್ಟಿದ ಗಿಡ್ಡ ಕ್ರೋಮೋಸೋಮನ್ನು ಅಮೆರಿಕದ ಫಿಲಡೆಲ್ಫಿಯಾದಲ್ಲಿ 1960ರಲ್ಲಿ ಕಂಡುಹಿಡಿದರು. ಅದಕ್ಕೆ ಇವತ್ತಿಗೂ ಆ ಊರಿನ ಹೆಸರೇ ಇದೆ. ನಮ್ಮ ದೇಶದಲ್ಲಿ ಸಿಎಂಎಲ್ ಬರುವುದು ಹೆಚ್ಚಾಗಿ ಮೂವತ್ತು ನಲವತ್ತರ ವಯಸ್ಸಿನವರಿಗೆ, ದುಡಿಯುವ ಕಾಲದಲ್ಲಿ. ಅಮೆರಿಕ, ಯುರೋಪಿನಲ್ಲಿ ಅರವತ್ತರ ಆಸುಪಾಸಿನವರಿಗೆ ಜಾಸ್ತಿ.

ಸಿಎಲ್‌ಎಲ್ ಕಥೆ ಬೇರೆ. ಅದು ಬಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣದ ಕ್ಯಾನ್ಸರ್. ಪಶ್ಚಿಮದ ದೇಶಗಳಲ್ಲಿ ದೊಡ್ಡವರಿಗೆ ಬರುವ ಲ್ಯುಕೇಮಿಯಾಗಳಲ್ಲಿ ಇದೇ ಮುಂದೆ. ನಮ್ಮಲ್ಲಿ ಕಡಿಮೆ. ಬಹಳ ಜನರಿಗೆ ಇದು ಗೊತ್ತಾಗುವುದೇ ಬೇರೆ ಯಾವುದೋ ಕಾರಣಕ್ಕೆ ರಕ್ತ ಪರೀಕ್ಷೆ ಮಾಡಿಸಿದಾಗ. ಅದರಲ್ಲಿ ಎಷ್ಟೋ ಜನರಿಗೆ ವರ್ಷಗಟ್ಟಲೆ ಔಷಧವೇ ಬೇಡ. ಮೂರೋ ಆರೋ ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿ, ನೋಡುತ್ತಾ ಇರಿ ಎನ್ನುತ್ತಾರೆ. 'ಕ್ಯಾನ್ಸರ್ ಅಂತಾರೆ, ಔಷಧಿ ಕೊಡಲ್ಲ, ಇದೆಂಥ ಡಾಕ್ಟರು' ಎಂದು ಬೇರೆ ಆಸ್ಪತ್ರೆಗೆ ಹೋಗುವವರೂ ಇದ್ದಾರೆ. ಆದರೆ ಅದೇ ಸರಿಯಾದ ಚಿಕಿತ್ಸೆ. ಲಕ್ಷಣ ಇಲ್ಲದವರಿಗೆ ಬೇಗ ಔಷಧ ಶುರು ಮಾಡಿದರೆ ಆಯುಷ್ಯವೇನೂ ಹೆಚ್ಚಲಿಲ್ಲ ಎಂಬುದು ಹಳೆಯ ಕೀಮೋಥೆರಪಿಯ ಕಾಲದಲ್ಲೇ ಗೊತ್ತಾಗಿತ್ತು.

ಎಲ್ಲರ ಸಿಎಲ್‌ಎಲ್ ಇಷ್ಟು ಸಾಧು ಅಲ್ಲ. 17ನೇ ಕ್ರೋಮೋಸೋಮ್‌ನ ಚಿಕ್ಕ ತೋಳಿನಲ್ಲಿ ಟಿಪಿ53 ಎಂಬ ಜೀನ್ ಇದೆ. ಜೀವಕೋಶದ ಡಿಎನ್‌ಎ ಕೆಟ್ಟರೆ ಅದನ್ನು ಸರಿಮಾಡು, ಆಗದಿದ್ದರೆ ಸಾಯಿ ಎಂದು ಹೇಳುವುದು ಅದರ ಕೆಲಸ. ಕೀಮೋಥೆರಪಿ ಔಷಧಗಳು ಕ್ಯಾನ್ಸರ್ ಕಣವನ್ನು ಕೊಲ್ಲುವುದು ಬಹುಪಾಲು ಈ ದಾರಿಯಲ್ಲೇ. ಡಿಎನ್‌ಎ ಕೆಡಿಸುತ್ತವೆ, ಉಳಿದದ್ದನ್ನು ಟಿಪಿ53 ನೋಡಿಕೊಳ್ಳುತ್ತದೆ. ಆ ಜೀನೇ ಇಲ್ಲದಿದ್ದರೆ? ಕೀಮೋ ಕೊಟ್ಟರೂ ಕಣ ಸಾಯುವುದಿಲ್ಲ. ಜರ್ಮನಿಯ ಸಿಎಲ್‌ಎಲ್ ತಂಡದ ಸಿಎಲ್‌ಎಲ್8 ಎಂಬ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಆಗಿನ ಅತ್ಯುತ್ತಮ ಕೀಮೋ ಜೋಡಿಯನ್ನು, ರಿಟುಕ್ಸಿಮಾಬ್ ಎಂಬ ಪ್ರತಿಕಾಯ ಔಷಧ ಸೇರಿಸಿ, ಕೊಟ್ಟ ಅಧ್ಯಯನ ಅದು. ಒಟ್ಟಾರೆ ಫಲಿತಾಂಶ ಚೆನ್ನಾಗಿತ್ತು. ಆದರೆ 17ನೇ ಕ್ರೋಮೋಸೋಮ್‌ನ ಈ ತುಂಡು ಕಳೆದುಕೊಂಡವರಲ್ಲಿ 3 ವರ್ಷದ ನಂತರ ಬದುಕಿದ್ದವರು ಶೇ 38 ಮಾತ್ರ. ವೈದ್ಯರು 'ಹೈ ರಿಸ್ಕ್' ಎನ್ನುವಾಗ ಮನಸ್ಸಿನಲ್ಲಿರುವುದು ಮೊದಲಿಗೆ ಇವರೇ. ಚಿಕಿತ್ಸೆ ಮುಗಿಸಿದ ಎರಡು ವರ್ಷದೊಳಗೆ ಕಾಯಿಲೆ ಮರುಕಳಿಸಿದವರೂ ಆಗ ಇದೇ ಗುಂಪಿಗೆ ಸೇರುತ್ತಿದ್ದರು.

ಇವರಿಗೆ ದಾನಿಯ ಕಣ ಹೇಗೆ ನೆರವಾಗುತ್ತದೆ ಎಂಬುದು ಇಡೀ ವಿಷಯದ ತಿರುಳು. ಅದನ್ನು ಸ್ವಲ್ಪ ನಿಧಾನವಾಗಿಯೇ ನೋಡೋಣ.

ಅಮೆರಿಕದ ಡಾ. ಇ. ಡೊನಾಲ್ ಥಾಮಸ್ 1957ರಲ್ಲಿ ಮನುಷ್ಯರಿಗೆ ಬೇರೆಯವರ ಮಜ್ಜೆ (ಮೂಳೆಯೊಳಗೆ ರಕ್ತ ಹುಟ್ಟುವ ಮೆದು ಭಾಗ) ಕೊಟ್ಟ ಮೊದಲ ಪ್ರಯತ್ನಗಳ ವರದಿ ಬರೆದರು. 1990ರಲ್ಲಿ ಅವರಿಗೆ ನೊಬೆಲ್ ಬಂತು. ಶುರುವಿನಲ್ಲಿ ಯೋಚನೆ ಸರಳವಾಗಿತ್ತು. ಭಾರಿ ಕೀಮೋ ಮತ್ತು ರೇಡಿಯೇಶನ್ ಕೊಟ್ಟು ಕ್ಯಾನ್ಸರನ್ನೂ ಮಜ್ಜೆಯನ್ನೂ ಪೂರ್ತಿ ನಾಶ ಮಾಡುವುದು. ಆಮೇಲೆ ಹೊಸ ಮಜ್ಜೆ ಕೊಟ್ಟು ರೋಗಿಯನ್ನು ಬದುಕಿಸುವುದು. ಅಂದರೆ ಕೊಲ್ಲುವ ಕೆಲಸ ಕೀಮೋದ್ದು, ದಾನಿಯ ಮಜ್ಜೆ ಬರೀ ಬದಲಿ ಸಾಮಾನು.

ಅದು ಅರ್ಧ ಸತ್ಯ ಎಂದು ಲೆಕ್ಕಗಳು ಹೇಳತೊಡಗಿದವು. 1990ರಲ್ಲಿ ಅಂತರರಾಷ್ಟ್ರೀಯ ದಾಖಲೆಯಲ್ಲಿದ್ದ 2,254 ಕಸಿಗಳನ್ನು ಪರಿಶೀಲಿಸಿದ ವರದಿ ಬಂತು. ತದ್ರೂಪಿ ಅವಳಿಯಿಂದ ಮಜ್ಜೆ ಪಡೆದವರಲ್ಲಿ ಲ್ಯುಕೇಮಿಯಾ ಮರುಕಳಿಸುವುದು ಜಾಸ್ತಿ ಎಂದು ಅದು ತೋರಿಸಿತು. ಸ್ವಂತ ಅವಳಿಗಿಂತ ಒಳ್ಳೆಯ ಹೊಂದಾಣಿಕೆ ಇನ್ನೆಲ್ಲಿ ಸಿಗುತ್ತದೆ? ಆದರೂ ಫಲ ಕಡಿಮೆ. ಸ್ವಲ್ಪ ಬೇರೆಯಾಗಿದ್ದ ಅಣ್ಣನೋ ತಂಗಿಯೋ ಕೊಟ್ಟ ಮಜ್ಜೆ ಕ್ಯಾನ್ಸರನ್ನು ಚೆನ್ನಾಗಿ ತಡೆಯಿತು. ದಾನಿಯ ಮಜ್ಜೆಯಿಂದ ಟಿ ಕಣ ಎಂಬ ರೋಗನಿರೋಧಕ ಕಣಗಳನ್ನು ಸೋಸಿ ತೆಗೆದು ಕೊಟ್ಟಾಗಲೂ ಸಿಎಂಎಲ್ ಹೆಚ್ಚಾಗಿ ಮರಳಿತು. ಅದೇ ವರ್ಷ ಮ್ಯೂನಿಕ್‌ನ ಹಾನ್ಸ್ ಯೋಕೆಮ್ ಕೋಲ್ಬ್ ಇನ್ನೊಂದು ಪುರಾವೆ ಕೊಟ್ಟರು. ಕಸಿಯ ನಂತರ ಸಿಎಂಎಲ್ ಮರುಕಳಿಸಿದ್ದ ಮೂವರಿಗೆ ದಾನಿಯ ಬಿಳಿ ರಕ್ತಕಣಗಳನ್ನು ಇನ್ನೊಮ್ಮೆ ಕೊಟ್ಟರು, ಜೊತೆಗೆ ಇಂಟರ್‌ಫೆರಾನ್. ಕಾಯಿಲೆ ಮತ್ತೆ ಮಾಯವಾಯಿತು. ಕೊಲ್ಲುವ ಕೆಲಸದ ದೊಡ್ಡ ಪಾಲು ದಾನಿಯ ಟಿ ಕಣಗಳದ್ದು ಎಂಬುದರಲ್ಲಿ ಆಮೇಲೆ ಅನುಮಾನ ಉಳಿಯಲಿಲ್ಲ.

ನಮ್ಮದೇ ರೋಗನಿರೋಧಕ ಕಣಗಳು ಊರಿನ ಹಳೇ ಕಾವಲುಗಾರನ ಹಾಗೆ. ಊರಿನೊಳಗೇ ಹುಟ್ಟಿ ಬೆಳೆದ ಕಳ್ಳನನ್ನು ನೋಡಿ 'ನಮ್ಮವನೇ' ಎಂದು ಬಿಟ್ಟುಬಿಡುತ್ತಾನೆ. ಪರಊರಿನಿಂದ ಬಂದ ಕಾವಲುಗಾರ ಬಿಡುವುದಿಲ್ಲ. ಆದರೆ ಅವನಿಗೆ ಊರಿನ ಒಳ್ಳೆಯವರ ಗುರುತೂ ಇಲ್ಲ. ಅವರ ಮೇಲೂ ಲಾಠಿ ಬೀಸುತ್ತಾನೆ. ಚರ್ಮ, ಕರುಳು, ಯಕೃತ್ತಿನ ಮೇಲೆ ದಾನಿಯ ಕಣ ನಡೆಸುವ ಈ ದಾಳಿಗೆ ಜಿವಿಎಚ್‌ಡಿ ಎಂದು ಹೆಸರು. ಕಸಿಯ ವರವೂ ಶಾಪವೂ ಒಂದೇ ಮೂಲದಿಂದ ಬರುತ್ತವೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಪೂರ್ತಿ ಬಿಡಿಸುವುದು ಇನ್ನೂ ಯಾರಿಗೂ ಸಾಧ್ಯವಾಗಿಲ್ಲ.

ಈ ತಿಳಿವಳಿಕೆಯಿಂದ ಒಂದು ದೊಡ್ಡ ಲಾಭವಾಯಿತು. ಕೊಲ್ಲುವುದು ದಾನಿಯ ಕಣ ಎಂದಾದರೆ ಭಾರಿ ಕೀಮೋ ಯಾಕೆ ಬೇಕು? 1990ರ ದಶಕದ ಕೊನೆಯಲ್ಲಿ ಸಿಯಾಟಲ್, ಹೂಸ್ಟನ್, ಜೆರುಸಲೇಂನ ತಂಡಗಳು ಕಡಿಮೆ ತೀವ್ರತೆಯ ಕಸಿ ಶುರು ಮಾಡಿದವು. ದಾನಿಯ ಕಣ ಬೇರೂರಲು ಎಷ್ಟು ಬೇಕೋ ಅಷ್ಟೇ ಔಷಧ. ಉಳಿದ ಕೆಲಸ ದಾನಿಯ ಕಣಕ್ಕೆ ಬಿಟ್ಟಿದ್ದು. ಸಿಎಲ್‌ಎಲ್ ರೋಗಿಗಳಿಗೆ ಇದರಿಂದಲೇ ಬಾಗಿಲು ತೆರೆಯಿತು. ಅದಕ್ಕೆ ಮೊದಲು ಭಾರಿ ಕೀಮೋ ಕೊಟ್ಟು ಮಾಡಿದ ಕಸಿಗಳಲ್ಲಿ, ಸುಮಾರು ಅರ್ಧದಷ್ಟು ಸಿಎಲ್‌ಎಲ್ ರೋಗಿಗಳು ಚಿಕಿತ್ಸೆಯ ತೊಂದರೆಯಿಂದಲೇ ತೀರಿಕೊಂಡದ್ದೂ ಇತ್ತು. ಅರವತ್ತು ದಾಟಿದವರಿಗೆ ಕಸಿಯ ಮಾತೇ ಇರಲಿಲ್ಲ.

2007ರಲ್ಲಿ ಯುರೋಪಿನ ಕಸಿ ತಜ್ಞರ ಒಕ್ಕೂಟ ಇಬಿಎಂಟಿ, ಯಾವ ಸಿಎಲ್‌ಎಲ್ ರೋಗಿಗೆ ಕಸಿ ಸೂಕ್ತ ಎಂದು ಒಮ್ಮತದ ಪಟ್ಟಿ ಕೊಟ್ಟಿತು. ಚಿಕಿತ್ಸೆ ಬೇಕಾದ ಸ್ಥಿತಿಯಲ್ಲಿರುವ ಟಿಪಿ53 ದೋಷದವರೂ ಅದರಲ್ಲಿದ್ದರು. ಜರ್ಮನಿಯ ಸಿಎಲ್‌ಎಲ್3ಎಕ್ಸ್ ಅಧ್ಯಯನದಲ್ಲಿ 90 ಮಂದಿಗೆ ಕಡಿಮೆ ತೀವ್ರತೆಯ ಕಸಿ ಆಯಿತು. 4 ವರ್ಷದ ನಂತರ ಶೇ 65 ಮಂದಿ ಬದುಕಿದ್ದರು, ಶೇ 42 ಮಂದಿ ಕಾಯಿಲೆ ಮರಳದೆ ಇದ್ದರು. 10 ವರ್ಷದ ನಂತರದ ಲೆಕ್ಕದಲ್ಲಿ ಬದುಕಿದ್ದವರು ಶೇ 51, ಕಾಯಿಲೆ ಮರಳದೆ ಇದ್ದವರು ಶೇ 34. ಟಿಪಿ53 ದೋಷ ಇದ್ದರೂ ಇಲ್ಲದಿದ್ದರೂ ಫಲದಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ. ದಾನಿಯ ಟಿ ಕಣ ಕೊಲ್ಲುವ ದಾರಿಗೆ ಟಿಪಿ53ರ ಹಂಗಿಲ್ಲ, ಅದಕ್ಕೇ. ಇದರ ಇನ್ನೊಂದು ಮುಖವನ್ನೂ ಹೇಳಲೇಬೇಕು. ಕಾಯಿಲೆಯಿಂದಲ್ಲ, ಕಸಿಯ ತೊಂದರೆಯಿಂದಲೇ ತೀರಿಕೊಂಡವರು 4 ವರ್ಷದಲ್ಲಿ ಶೇ 23. ಹತ್ತಿರ ಹತ್ತಿರ ನಾಲ್ವರಲ್ಲಿ ಒಬ್ಬರು. ಬೇರೆ ದಾರಿಯೇ ಇಲ್ಲದವರಿಗೆ ಅದು ಒಪ್ಪಬಹುದಾದ ಪಣ. ಬೇರೆ ದಾರಿ ಇದ್ದವರಿಗೆ ಅಲ್ಲ.

ಆ ಬೇರೆ ದಾರಿ ಬಂದೇಬಿಟ್ಟಿತು, ಮಾತ್ರೆಯ ರೂಪದಲ್ಲಿ.

ಸಿಎಂಎಲ್‌ನವರು ಇದನ್ನು ಮೊದಲೇ ನೋಡಿದ್ದರು. 1990ರ ದಶಕದ ಕೊನೆಯಲ್ಲಿ ದಾನಿ ಕಸಿ ಅತಿ ಹೆಚ್ಚು ನಡೆಯುತ್ತಿದ್ದ ಕಾಯಿಲೆಗಳಲ್ಲಿ ಸಿಎಂಎಲ್ ಮುಂಚೂಣಿಯಲ್ಲಿತ್ತು. 2001ರಲ್ಲಿ ಇಮಾಟಿನಿಬ್ ಮಾತ್ರೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಸಿಎಂಎಲ್ ಕಸಿಗಳ ಸಂಖ್ಯೆ ಪಾತಾಳಕ್ಕೆ ಇಳಿಯಿತು. ಇಮಾಟಿನಿಬ್‌ನಿಂದ ಶುರು ಮಾಡಿದವರಲ್ಲಿ 10 ವರ್ಷದ ನಂತರ ಶೇ 83 ಮಂದಿ ಬದುಕಿದ್ದರು. ದಿನಕ್ಕೊಂದು ಮಾತ್ರೆ ನುಂಗಿ ಕೆಲಸಕ್ಕೆ ಹೋಗುವವರ ಮುಂದೆ ಕಸಿಯ ಪಣ ಯಾರಿಗೆ ಬೇಕು?

ಸಿಎಲ್‌ಎಲ್‌ನಲ್ಲಿ ಅದೇ ಕಥೆ ಹದಿಮೂರು ವರ್ಷ ತಡವಾಗಿ ನಡೆಯಿತು. 2014ರಲ್ಲಿ ಇಬ್ರುಟಿನಿಬ್, 2016ರಲ್ಲಿ ವೆನೆಟೊಕ್ಲಾಕ್ಸ್ ಬಂದವು. ಮೊದಲನೆಯದು ಕ್ಯಾನ್ಸರ್ ಕಣ ಬೆಳೆಯಲು ಬೇಕಾದ ಬಿಟಿಕೆ ಎಂಬ ಕಿಣ್ವವನ್ನು ತಡೆಯುತ್ತದೆ. ಎರಡನೆಯದು ಕಣವನ್ನು ಸಾಯದಂತೆ ಹಿಡಿದಿಟ್ಟಿರುವ ಬಿಸಿಎಲ್2 ಪ್ರೋಟೀನನ್ನು ತಡೆಯುತ್ತದೆ. ಎರಡಕ್ಕೂ ಟಿಪಿ53 ಬೇಕಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಒಂದು ಸಣ್ಣ ಅಧ್ಯಯನದಲ್ಲಿ ಟಿಪಿ53 ದೋಷ ಇದ್ದ 34 ಮಂದಿಗೆ ಮೊದಲ ಔಷಧವಾಗಿಯೇ ಇಬ್ರುಟಿನಿಬ್ ಕೊಟ್ಟರು. 6 ವರ್ಷದ ನಂತರ ಶೇ 79 ಮಂದಿ ಬದುಕಿದ್ದರು, ಶೇ 61 ಮಂದಿಯ ಕಾಯಿಲೆ ಮುಂದುವರಿದಿರಲಿಲ್ಲ. ಕೀಮೋ ಕಾಲದ ಶೇ 38ರ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಅದೂ ಮೂರೇ ವರ್ಷಕ್ಕೆ ಬಂದ ಸಂಖ್ಯೆ. ಆಮೇಲೆ ಅಕಲಾಬ್ರುಟಿನಿಬ್, ಜಾನುಬ್ರುಟಿನಿಬ್ ಬಂದವು. ಹೃದಯದ ತೊಂದರೆ ಇವುಗಳಲ್ಲಿ ಕಡಿಮೆ. ಯುರೋಪಿನಲ್ಲಿ ಸಿಎಲ್‌ಎಲ್ ಕಸಿಗಳು ಬೇಗ ಬೇಗ ಇಳಿದವು. ಇಳಿದದ್ದು ಸರಿಯೇ. 2007ರ ಪಟ್ಟಿಯನ್ನು ಇವತ್ತು ಹಾಗೆಯೇ ಹಿಡಿದು, ಟಿಪಿ53 ದೋಷ ಇದೆ ಎಂಬ ಒಂದೇ ಕಾರಣಕ್ಕೆ ಕಸಿಗೆ ಕರೆದರೆ ಅದು ತಪ್ಪು ಸಲಹೆ.

ಹಾಗಾದರೆ ಕಸಿಯ ಕಾಲ ಮುಗಿಯಿತೇ? ಇಲ್ಲ. ಇಲ್ಲಿಂದಲೇ ವಿಷಯ ಸೂಕ್ಷ್ಮವಾಗುತ್ತದೆ.

ಈ ಮಾತ್ರೆಗಳು ಹೈ ರಿಸ್ಕ್ ಸಿಎಲ್‌ಎಲ್ ಅನ್ನು ತಡೆದು ನಿಲ್ಲಿಸುತ್ತವೆ, ಬೇರು ಸಮೇತ ಕೀಳುವುದು ಅಪರೂಪ. ವರ್ಷಗಳು ಕಳೆದಂತೆ ಕ್ಯಾನ್ಸರ್ ಕಣ ಮಾತ್ರೆ ಕೂರುವ ಜಾಗವನ್ನೇ ಬದಲಿಸಿಕೊಳ್ಳುತ್ತದೆ. ಇಬ್ರುಟಿನಿಬ್ ಬಿಟಿಕೆ ಕಿಣ್ವದ 481ನೇ ಸ್ಥಾನಕ್ಕೆ ಅಂಟಿಕೊಂಡು ಕೆಲಸ ಮಾಡುತ್ತದೆ. ಅಲ್ಲಿ ಒಂದು ಅಮೈನೋ ಆಮ್ಲ ಬದಲಾದರೆ ಸಾಕು, ಅಂಟುವುದಿಲ್ಲ. ಒಂದು ಬಗೆಯ ಮಾತ್ರೆ ಸೋತರೆ ಇನ್ನೊಂದು ಬಗೆ ಇದೆ. ಎರಡೂ ಸೋತರೆ? 2023ರಲ್ಲಿ ಪಿರ್ಟೊಬ್ರುಟಿನಿಬ್ ಎಂಬ ಹೊಸ ಮಾತ್ರೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. 481ನೇ ಸ್ಥಾನ ಬದಲಾದರೂ ಇದು ಕೆಲಸ ಮಾಡುತ್ತದೆ. ಹಳೆಯ ಬಿಟಿಕೆ ಮಾತ್ರೆ ತೆಗೆದುಕೊಂಡಿದ್ದ 247 ಮಂದಿಯ ಅಧ್ಯಯನದಲ್ಲಿ ಹೆಚ್ಚಿನವರಿಗೆ ಫಲ ಸಿಕ್ಕಿತು. ಆದರೆ ಕಾಯಿಲೆ ಮತ್ತೆ ಮುಂದುವರಿಯುವವರೆಗಿನ ಮಧ್ಯಮ ಅವಧಿ 19.6 ತಿಂಗಳು. ಒಂದೂವರೆ ವರ್ಷದ ಮೇಲೆ ಸ್ವಲ್ಪ.

ನನ್ನ ಪ್ರಕಾರ ಈ 19.6 ತಿಂಗಳನ್ನು ಎರಡು ಥರ ಓದಬಹುದು. ಇನ್ನೂ ಒಂದೂವರೆ ವರ್ಷ ಆರಾಮು ಎಂದು ಓದಬಹುದು. ಕಸಿಗೆ ಸಿದ್ಧವಾಗಲು ಸಿಕ್ಕ ಕೊನೆಯ ಒಳ್ಳೆಯ ಅವಕಾಶ ಎಂದೂ ಓದಬಹುದು. ಎಂಬತ್ತು ವರ್ಷದ ಹೃದಯ ರೋಗಿಗೆ ಮೊದಲನೆಯದೇ ಸರಿ. ಐವತ್ತೈದರ ಗಟ್ಟಿಮುಟ್ಟಾದವರಿಗೆ ಎರಡನೆಯದನ್ನು ಹೇಳದೇ ಇರುವುದು ಅನ್ಯಾಯ.

ಹೊಸ ಮಾತ್ರೆಗಳ ಕಾಲದಲ್ಲಿ ಮಾಡಿದ ಕಸಿಗಳ ಫಲ ಹಳೆಯದಕ್ಕಿಂತ ಚೆನ್ನಾಗಿದೆ. 2020ರಲ್ಲಿ ಅಮೆರಿಕದ ಹಲವು ಆಸ್ಪತ್ರೆಗಳು ಸೇರಿ 65 ಮಂದಿಯ ಲೆಕ್ಕ ಕೊಟ್ಟವು. ಎಲ್ಲರೂ ಹೊಸ ಮಾತ್ರೆ ತೆಗೆದುಕೊಂಡ ಮೇಲೆ ಕಸಿಗೆ ಬಂದವರು. 2 ವರ್ಷದ ನಂತರ ಬದುಕಿದ್ದವರು ಶೇ 81. ಕಸಿಯ ತೊಂದರೆಯಿಂದ ತೀರಿಕೊಂಡವರು ಶೇ 13. ಮಾತ್ರೆಯು ಕಾಯಿಲೆಯನ್ನು ತಗ್ಗಿಸಿ, ದೇಹವನ್ನು ಕೀಮೋದಷ್ಟು ಜಜ್ಜದೆ ಕಸಿಯ ಬಾಗಿಲಿಗೆ ತಂದು ನಿಲ್ಲಿಸಿದೆ ಎಂದು ಇದನ್ನು ಅರ್ಥ ಮಾಡಿಕೊಳ್ಳಬಹುದು. ಆಯ್ದ ರೋಗಿಗಳ ಲೆಕ್ಕ ಇದು ಎಂಬುದನ್ನು ಮರೆಯಬಾರದು. ಕಸಿ ಮಾಡುವಷ್ಟು ಗಟ್ಟಿ ಇದ್ದವರು ಮಾತ್ರ ಇದರೊಳಗಿದ್ದಾರೆ.

ರಿಕ್ಟರ್ ಬದಲಾವಣೆ ಎಂಬ ಇನ್ನೊಂದು ಸಂದರ್ಭ ಇದೆ. ಮೆಲ್ಲಗೆ ಇದ್ದ ಸಿಎಲ್‌ಎಲ್ ಇದ್ದಕ್ಕಿದ್ದಂತೆ ವೇಗದ ಲಿಂಫೋಮಾ, ಅಂದರೆ ದುಗ್ಧಗ್ರಂಥಿಯ ಕ್ಯಾನ್ಸರ್, ಆಗಿಬಿಡುತ್ತದೆ. ಒಂದು ಗಂಟು ಬೇಗ ಬೇಗ ದೊಡ್ಡದಾಗುವುದು, ಜ್ವರ, ತೂಕ ಇಳಿಯುವುದು ಇದರ ಸುಳಿವು. ಇದಕ್ಕೆ ಇನ್ನೂ ಒಳ್ಳೆಯ ಮಾತ್ರೆ ಇಲ್ಲ. ಚಿಕಿತ್ಸೆಗೆ ಕಾಯಿಲೆ ಬಗ್ಗಿದರೆ, ದೇಹ ತಡೆದುಕೊಳ್ಳುವಂತಿದ್ದರೆ, ಕಸಿಯನ್ನು ತಡ ಮಾಡದೆ ಮಾಡಬೇಕು ಎನ್ನುವುದರಲ್ಲಿ ತಜ್ಞರಿಗೆ ಹೆಚ್ಚು ಭಿನ್ನಾಭಿಪ್ರಾಯ ಇಲ್ಲ.

ಸಿಎಂಎಲ್‌ನಲ್ಲಿ ಕಸಿ ಉಳಿದಿರುವುದು ಎರಡು ಕಡೆ. ಕಾಯಿಲೆ ಬ್ಲಾಸ್ಟ್ ಹಂತಕ್ಕೆ, ಅಂದರೆ ವೇಗವಾಗಿ ಕೆರಳುವ ಕೊನೆಯ ಹಂತಕ್ಕೆ, ತಿರುಗಿದವರಿಗೆ, ಮತ್ತು ಎರಡು ಮೂರು ಬಗೆಯ ಮಾತ್ರೆಗೂ ಬಗ್ಗದವರಿಗೆ. ಟಿ315ಐ ಎಂಬ ಬದಲಾವಣೆ ಆದ ಕಣಕ್ಕೆ ಇಮಾಟಿನಿಬ್, ಡಸಾಟಿನಿಬ್, ನಿಲೊಟಿನಿಬ್ ಯಾವುದೂ ನಾಟುವುದಿಲ್ಲ. ಪೊನಾಟಿನಿಬ್, ಅಸಿಮಿನಿಬ್ ನಾಟುತ್ತವೆ. ಬ್ಲಾಸ್ಟ್ ಹಂತದಲ್ಲೂ ಮೊದಲು ಮಾತ್ರೆ, ಕೀಮೋ ಕೊಟ್ಟು ಕಾಯಿಲೆಯನ್ನು ಹಿಂದಿನ ಹಂತಕ್ಕೆ ತಳ್ಳಿ ಆಮೇಲೆ ಕಸಿ ಮಾಡಬೇಕು. ಉರಿಯುತ್ತಿರುವಾಗ ಮಾಡಿದ ಕಸಿ ನಿಲ್ಲುವುದು ಕಡಿಮೆ. ಇಲ್ಲೂ ಅದೇ ಹೊತ್ತಿನ ಪ್ರಶ್ನೆ.

ಈಗ ದಾನಿಯ ಕಡೆಗೆ ಬರೋಣ. ತಯಾರಿ ಬೇಗ ಶುರುವಾಗಬೇಕು ಎನ್ನುವುದಕ್ಕೆ ದೊಡ್ಡ ಕಾರಣ ಅಲ್ಲಿದೆ.

ಎಚ್‌ಎಲ್‌ಎ ಎಂದರೆ ಜೀವಕೋಶದ ಮೇಲಿನ ಗುರುತಿನ ಚೀಟಿ. ಅದರ ಜೀನ್‌ಗಳು 6ನೇ ಕ್ರೋಮೋಸೋಮ್‌ನಲ್ಲಿ ಒಟ್ಟಿಗೆ ಇವೆ. ತಾಯಿಯಿಂದ ಒಂದು ಕಂತೆ, ತಂದೆಯಿಂದ ಒಂದು ಕಂತೆ. ಒಡಹುಟ್ಟಿದವರಲ್ಲಿ ಒಬ್ಬರು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇಬ್ಬರಿದ್ದರೆ ಯಾರಾದರೂ ಒಬ್ಬರು ಹೊಂದುವ ಸಾಧ್ಯತೆ ಶೇ 44, ಮೂವರಿದ್ದರೆ ಶೇ 58. ಏಳೆಂಟು ಮಕ್ಕಳ ಮನೆಗಳ ಕಾಲ ಹೋಯಿತು. ಈಗಿನ ಮನೆಗಳಲ್ಲಿ ಈ ಲೆಕ್ಕ ನಮ್ಮ ಪರವಾಗಿಲ್ಲ.

ಸಿಎಲ್‌ಎಲ್‌ನಲ್ಲಿ ಇನ್ನೊಂದು ತೊಡಕು. ರೋಗಿಗೆ ಅರವತ್ತಾದರೆ ಅಣ್ಣನಿಗೆ ಅರವತ್ತೈದು. ವಯಸ್ಸಾದ ದಾನಿಯ ಕಣಗಳಿಂದ ಫಲ ಸ್ವಲ್ಪ ಕಡಿಮೆ. ಜೊತೆಗೆ ಸಿಎಲ್‌ಎಲ್ ಕೆಲವು ಮನೆತನಗಳಲ್ಲಿ ಓಡುವ ಕಾಯಿಲೆ. ಆರೋಗ್ಯವಾಗಿ ಕಾಣುವ ಅಣ್ಣನ ರಕ್ತದಲ್ಲೂ ಅದೇ ಬಗೆಯ ಬಿ ಕಣಗಳ ಸಣ್ಣ ಗುಂಪು ಸದ್ದಿಲ್ಲದೆ ಇರಬಹುದು. ಆದ್ದರಿಂದ ದಾನಿಯಾಗುವ ಒಡಹುಟ್ಟಿದವರಿಗೆ ರಕ್ತಕಣಗಳ ಬಗೆ ಗುರುತಿಸುವ ಫ್ಲೋ ಸೈಟೋಮೆಟ್ರಿ ಪರೀಕ್ಷೆ ಮಾಡಿಸುವುದು ಜಾಣತನ. ಎಚ್‌ಎಲ್‌ಎ ಹೊಂದಿತು ಎಂದು ಖುಷಿಯಲ್ಲಿ ಇದನ್ನು ಬಿಟ್ಟರೆ ಕಾಯಿಲೆಯನ್ನೇ ಕಸಿ ಮಾಡಿದಂತಾಗುತ್ತದೆ.

ಮನೆಯಲ್ಲಿ ಸಿಗದಿದ್ದರೆ ದಾನಿಗಳ ನೋಂದಣಿ ಪಟ್ಟಿ, ಅಂದರೆ ರಿಜಿಸ್ಟ್ರಿ. ಜಗತ್ತಿನಾದ್ಯಂತ 4 ಕೋಟಿಗೂ ಹೆಚ್ಚು ಜನ ಹೆಸರು ಕೊಟ್ಟಿದ್ದಾರೆ. ಆದರೆ ಎಚ್‌ಎಲ್‌ಎ ಜನಾಂಗ, ಸಮುದಾಯದ ಜಾಡಿನಲ್ಲಿ ಹೋಗುತ್ತದೆ. ಅಮೆರಿಕದ ರಿಜಿಸ್ಟ್ರಿಯನ್ನು ಆಧರಿಸಿ 2014ರಲ್ಲಿ ಬಂದ ಒಂದು ಲೆಕ್ಕ ಹೀಗಿದೆ: ಯುರೋಪ್ ಮೂಲದ ಬಿಳಿಯರಿಗೆ ಅಲ್ಲಿ ಪೂರ್ತಿ ಹೊಂದುವ ದಾನಿ ಸಿಗುವ ಸಾಧ್ಯತೆ ಶೇ 75, ದಕ್ಷಿಣ ಏಷ್ಯಾ ಮೂಲದವರಿಗೆ ಶೇ 33. ಅಮೆರಿಕದಲ್ಲಿರುವ ಕನ್ನಡಿಗರೂ ಈ ಶೇ 33ರ ಗುಂಪಿನವರೇ. ನಮ್ಮ ದೇಶದಲ್ಲಿ ಚೆನ್ನೈನ ದಾತ್ರಿ 2009ರಿಂದ ಕೆಲಸ ಮಾಡುತ್ತಿದೆ. ಬೆಂಗಳೂರಿನಲ್ಲಿ ಡಿಕೆಎಂಎಸ್ ಇದೆ. 140 ಕೋಟಿ ಜನರ ದೇಶಕ್ಕೆ ಇಲ್ಲಿನ ಪಟ್ಟಿಗಳು ತೀರಾ ಚಿಕ್ಕವು. ಅದರಲ್ಲೂ ನಮ್ಮಲ್ಲಿ ಮದುವೆಗಳು ಸಮುದಾಯದ ಒಳಗೇ ನಡೆದುಕೊಂಡು ಬಂದಿವೆ. ಹಾಗಾಗಿ ಐಟಿ ಕಂಪನಿಗಳ ಕ್ಯಾಂಪಸ್ಸಿನಲ್ಲಿ ಮಾತ್ರ ಶಿಬಿರ ಮಾಡಿದರೆ ಸಾಲದು. ರಾಯಚೂರು, ಚಾಮರಾಜನಗರದ ಕಾಲೇಜುಗಳಿಂದಲೂ ಹೆಸರುಗಳು ಬರಬೇಕು.

ನಮ್ಮ ಕಡೆಯ ಒಂದು ವಿಶೇಷವನ್ನು ಇಲ್ಲಿ ಹೇಳಬೇಕು. ಹೆಣ್ಣನ್ನು ಸೋದರಮಾವನಿಗೆ ಕೊಡುವುದು, ಅತ್ತೆ ಮಗನಿಗೆ ಕೊಡುವುದು ದಕ್ಷಿಣ ಕರ್ನಾಟಕದಲ್ಲಿ ಇನ್ನೂ ಇದೆ. ಅಂಥ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರಲ್ಲೂ ಒಂದೇ ಎಚ್‌ಎಲ್‌ಎ ಕಂತೆ ಇರಬಹುದು. ಆಗ ತಂದೆಯೋ ತಾಯಿಯೋ ಮಗನೋ ಪೂರ್ತಿ ಹೊಂದುವುದೂ ಉಂಟು. ರಕ್ತಸಂಬಂಧದ ಮದುವೆಯಿಂದ ಆಗುವ ತೊಂದರೆ ಬೇರೆ, ಅದನ್ನು ಸಮರ್ಥಿಸುತ್ತಿಲ್ಲ. ಆದರೆ ಅಂಥ ಮನೆಯಲ್ಲಿ ದಾನಿಯನ್ನು ಹುಡುಕುವಾಗ ಒಡಹುಟ್ಟಿದವರಿಗೇ ನಿಲ್ಲಿಸಬೇಡಿ.

ಅರ್ಧ ಹೊಂದಾಣಿಕೆಯ ಕಸಿ ಈಚಿನ ವರ್ಷಗಳಲ್ಲಿ ದೊಡ್ಡ ದಾರಿಯಾಗಿದೆ. ಮಗ, ಮಗಳು, ತಂದೆ, ತಾಯಿ ಎಲ್ಲರೂ ಕನಿಷ್ಠ ಅರ್ಧ ಹೊಂದಿಯೇ ಇರುತ್ತಾರೆ. ಮೊದಲು ಇದು ಜಿವಿಎಚ್‌ಡಿ ಭಯದಿಂದ ಆಗುತ್ತಿರಲಿಲ್ಲ. ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ತಂಡ ಒಂದು ಉಪಾಯ ಕಂಡುಕೊಂಡಿತು. ಕಸಿಯಾದ 3 ಮತ್ತು 4ನೇ ದಿನ ಸೈಕ್ಲೋಫಾಸ್ಫಮೈಡ್ ಎಂಬ ಹಳೆಯ, ಅಗ್ಗದ ಔಷಧ ಕೊಡುವುದು. ಅಷ್ಟು ಹೊತ್ತಿಗೆ ರೋಗಿಯ ದೇಹದ ಮೇಲೆ ಸಿಟ್ಟಾಗಿ ದುಪ್ಪಟ್ಟಾಗುತ್ತಿರುವ ಟಿ ಕಣಗಳು ಅದಕ್ಕೆ ಸಾಯುತ್ತವೆ. ಸ್ಟೆಮ್ ಸೆಲ್‌ಗಳಲ್ಲಿ ಆ ಔಷಧವನ್ನು ಮುರಿಯುವ ಕಿಣ್ವ ಇರುವುದರಿಂದ ಅವು ಉಳಿಯುತ್ತವೆ. ರಿಜಿಸ್ಟ್ರಿ ಚಿಕ್ಕದಿರುವ, ವಿದೇಶದಿಂದ ಕಣ ತರಿಸುವುದು ದುಬಾರಿಯಾಗಿರುವ ನಮ್ಮಂಥ ದೇಶಕ್ಕೆ ಇದು ತುಂಬಾ ಬೆಲೆಯ ಸಂಗತಿ.

ದಾನಿಗೆ ಏನಾಗುತ್ತದೆ ಎಂಬ ಭಯಕ್ಕೂ ಒಂದು ಮಾತು. ಬೆನ್ನುಹುರಿಗೆ ಸೂಜಿ ಹಾಕುತ್ತಾರೆ, ಗಂಡಸರಿಗೆ ಶಕ್ತಿ ಹೋಗುತ್ತದೆ, ಹೆಣ್ಣುಮಕ್ಕಳಿಗೆ ಮಕ್ಕಳಾಗುವುದಿಲ್ಲ ಎಂಬೆಲ್ಲ ಮಾತಿದೆ. ಯಾವುದೂ ನಿಜವಲ್ಲ. ಈಗ ಹೆಚ್ಚಾಗಿ ನಾಲ್ಕೈದು ದಿನ ಜಿಸಿಎಸ್‌ಎಫ್ ಇಂಜೆಕ್ಷನ್ ಕೊಟ್ಟು, ಮಜ್ಜೆಯಿಂದ ರಕ್ತಕ್ಕೆ ಇಳಿದ ಸ್ಟೆಮ್ ಸೆಲ್‌ಗಳನ್ನು ಕೈಯ ರಕ್ತನಾಳದಿಂದಲೇ ತೆಗೆಯುತ್ತಾರೆ. ಕೆಲವು ಗಂಟೆ ಮಂಚದ ಮೇಲೆ ಮಲಗಿರಬೇಕು. ಮೈಕೈ ನೋವು ಒಂದೆರಡು ದಿನ ಇರುತ್ತದೆ. ರೋಗಿಗೂ ಕಸಿ ಎಂದರೆ ಆಪರೇಷನ್ ಅಲ್ಲ. ಬಾಟಲಿ ರಕ್ತ ಏರಿಸಿದ ಹಾಗೆಯೇ ಏರಿಸುವುದು.

ಕಷ್ಟ ಇರುವುದು ಆಮೇಲೆ. ಮೊದಲ ಎರಡು ಮೂರು ವಾರ ಹೊಸ ಕಣ ಬೇರೂರುವವರೆಗೆ ಸೋಂಕಿನ ಅಪಾಯ. ಅದರ ನಂತರ ತಿಂಗಳುಗಟ್ಟಲೆ ಜಿವಿಎಚ್‌ಡಿ, ಸಿಎಂವಿ ಎಂಬ ವೈರಸ್ಸಿನ ಕಾಟ. ಬಾಲ್ಯದಲ್ಲಿ ಹಾಕಿಸಿಕೊಂಡ ಲಸಿಕೆಗಳನ್ನೂ ಮತ್ತೆ ಹಾಕಿಸಿಕೊಳ್ಳಬೇಕು. ದಾನಿಯ ಬ್ಲಡ್ ಗ್ರೂಪ್ ಬೇರೆ ಇದ್ದರೆ ರೋಗಿಯದೂ ಮೆಲ್ಲಗೆ ಅದಕ್ಕೇ ಬದಲಾಗುತ್ತದೆ. ಕೆಲವರಿಗೆ ಜಿವಿಎಚ್‌ಡಿ ದೀರ್ಘಕಾಲ ಉಳಿಯುತ್ತದೆ: ಒಣಗಿದ ಕಣ್ಣು, ಖಾರ ತಾಗಿದರೆ ಉರಿಯುವ ಬಾಯಿ, ಬಿಗಿಯುವ ಚರ್ಮ, ಕೆಲವೊಮ್ಮೆ ಉಸಿರಾಟದ ತೊಂದರೆ. ಕಸಿ 'ಪೂರ್ತಿ ಗುಣ' ಮಾಡುತ್ತದೆ ಎನ್ನುವ ಜಾಹೀರಾತುಗಳಲ್ಲಿ ಈ ಸಾಲು ಕಾಣುವುದಿಲ್ಲ. ಕಾಯಿಲೆ ಹೋಗಿ ಬದುಕು ಉಳಿದವರಲ್ಲೂ ಒಂದು ಪಾಲು ಜನ ಹೊಸ ಕಾಯಿಲೆಯೊಂದನ್ನು ಸಾಕಿಕೊಂಡು ಬದುಕುತ್ತಾರೆ.

ದುಡ್ಡಿನ ಮಾತು ಬಿಟ್ಟರೆ ಈ ಲೇಖನ ಪೊಳ್ಳಾಗುತ್ತದೆ. ಅಮೆರಿಕ, ಯುರೋಪಿನ ಮಾರ್ಗಸೂಚಿಗಳು ಮಾತ್ರೆ ಸಿಗುತ್ತದೆ ಎಂದು ಹಿಡಿದೇ ಬರೆದವು. ನಮ್ಮಲ್ಲಿ ಮಾತ್ರೆ ಪ್ರತಿ ತಿಂಗಳ ಖರ್ಚು, ಬಹುಪಾಲು ನಿಲ್ಲಿಸುವಂತಿಲ್ಲ. ಕಸಿ ಒಮ್ಮೆ ಆಗುವ ಖರ್ಚು, ಆದರೆ ಖಾಸಗಿ ಆಸ್ಪತ್ರೆಯಲ್ಲಿ ಹತ್ತಾರು ಲಕ್ಷ. ಸಿಎಂಎಲ್‌ನಲ್ಲಿ ಈ ಗಂಟು ಬಹುಮಟ್ಟಿಗೆ ಬಿಚ್ಚಿತು. ನೊವಾರ್ಟಿಸ್ ಕಂಪನಿಯ ಇಮಾಟಿನಿಬ್ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ ಇದ್ದಾಗ ಭಾರತದ ಕಂಪನಿಗಳದ್ದು ಹತ್ತು ಸಾವಿರದೊಳಗೆ ಸಿಗುತ್ತಿತ್ತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ನೊವಾರ್ಟಿಸ್‌ನ ಪೇಟೆಂಟ್ ಅರ್ಜಿಯನ್ನು ತಳ್ಳಿಹಾಕಿತು. ಅಗ್ಗದ ಮಾತ್ರೆ ಉಳಿಯಿತು. ಇಷ್ಟಾದ ಮೇಲೂ ಸಿಎಂಎಲ್‌ನ ಮೊದಲ ಹಂತದಲ್ಲಿ, ಮಾತ್ರೆಗೆ ಬಗ್ಗುತ್ತಿರುವವರಿಗೆ, 'ಜೀವನಪೂರ್ತಿ ಮಾತ್ರೆ ಯಾಕೆ, ಕಸಿ ಮಾಡಿಸಿಬಿಡಿ' ಎಂದು ಯಾರಾದರೂ ಹೇಳಿದರೆ ಇನ್ನೊಬ್ಬ ತಜ್ಞರನ್ನು ಕೇಳಿ.

ಸಿಎಲ್‌ಎಲ್‌ನ ಗಂಟು ಇನ್ನೂ ಬಿಗಿಯಾಗಿಯೇ ಇದೆ. ಹೊಸ ಹೊಸ ಮಾತ್ರೆಗಳು ಒಂದಾದ ಮೇಲೊಂದು ಬೇಕಾಗುವ ಐವತ್ತರ ಹೈ ರಿಸ್ಕ್ ರೋಗಿಗೆ ಹತ್ತು ವರ್ಷದ ಲೆಕ್ಕ ಹಾಕಿದರೆ, ಕೆಲವು ಮನೆಗಳಿಗೆ ಕಸಿಯ ಖರ್ಚೇ ಕಡಿಮೆ ಎನ್ನಿಸಬಹುದು. ಲೆಕ್ಕ ಸರಿ ಇರಬಹುದು. ಆದರೆ ದುಡ್ಡು ಉಳಿಸಲು ಜೀವದ ಪಣ ಒಡ್ಡುವ ಸ್ಥಿತಿ ಬರುತ್ತದೆ ಎಂದರೆ ಅದು ವೈದ್ಯಕೀಯದ ಸೋಲಲ್ಲ, ವ್ಯವಸ್ಥೆಯದು. ಮುಂಬೈನ ಟಾಟಾ ಆಸ್ಪತ್ರೆ 1983ರಲ್ಲಿ ದೇಶದ ಮೊದಲ ಮಜ್ಜೆ ಕಸಿ ಮಾಡಿತು. ವೆಲ್ಲೂರಿನ ಸಿಎಂಸಿ 1986ರಲ್ಲಿ ಶುರು ಮಾಡಿತು. ಬೆಂಗಳೂರಿನ ಕಿದ್ವಾಯಿಯಲ್ಲೂ ಈಗ ಕಸಿ ಘಟಕ ಇದೆ. ಸರ್ಕಾರಿ, ಟ್ರಸ್ಟ್ ಆಸ್ಪತ್ರೆಗಳಲ್ಲಿ ಖರ್ಚು ಕಡಿಮೆ, ಸರದಿ ಉದ್ದ. ಸರದಿ ಉದ್ದ ಇರುವ ಕಡೆ ಬೇಗ ಹೆಸರು ಬರೆಸುವುದು ಇನ್ನೂ ಮುಖ್ಯ.

ಕಾರ್ ಟಿ, ಅಂದರೆ ರೋಗಿಯದೇ ಟಿ ಕಣಗಳನ್ನು ತೆಗೆದು, ಕ್ಯಾನ್ಸರ್ ಗುರುತಿಸುವಂತೆ ಬದಲಿಸಿ ಮತ್ತೆ ಕೊಡುವ ಚಿಕಿತ್ಸೆ, ಇದನ್ನೆಲ್ಲ ಬದಲಿಸುತ್ತದೆಯೇ ಎಂದು ಕೇಳುವವರಿದ್ದಾರೆ. ಬಿಟಿಕೆ ಮಾತ್ರೆಯನ್ನೂ ವೆನೆಟೊಕ್ಲಾಕ್ಸನ್ನೂ ತೆಗೆದುಕೊಂಡು ಆದ ಸಿಎಲ್‌ಎಲ್ ರೋಗಿಗಳಿಗಾಗಿ 2024ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಒಂದಕ್ಕೆ ಅನುಮತಿ ಸಿಕ್ಕಿದೆ. ಪೂರ್ತಿ ಫಲ ಕಂಡದ್ದು ಸುಮಾರು ಐವರಲ್ಲಿ ಒಬ್ಬರಿಗೆ. ಐಐಟಿ ಬಾಂಬೆ ಮತ್ತು ಟಾಟಾ ಆಸ್ಪತ್ರೆ ಸೇರಿ ಬೆಳೆಸಿದ, 2023ರಲ್ಲಿ ಭಾರತದಲ್ಲಿ ಅನುಮತಿ ಪಡೆದ ನೆಕ್ಸ್‌ಕಾರ್19 ಬಂದದ್ದು ಬಿ ಕಣದ ಲಿಂಫೋಮಾ ಮತ್ತು ಬೇರೊಂದು ಲ್ಯುಕೇಮಿಯಾಕ್ಕೆ, ಸಿಎಲ್‌ಎಲ್‌ಗೆ ಅಲ್ಲ. ಸದ್ಯಕ್ಕೆ ಇದನ್ನು ನಂಬಿ ಕಸಿಯ ತಯಾರಿ ಬಿಡುವಂತಿಲ್ಲ.

ಹಾಗಾದರೆ ಹೈ ರಿಸ್ಕ್ ಎಂದು ಹೇಳಿಸಿಕೊಂಡವರು ಏನು ಮಾಡಬೇಕು? ಪ್ರತಿ ಹೊಸ ಔಷಧಕ್ಕೆ ಮೊದಲು ಫಿಶ್ (ಕ್ರೋಮೋಸೋಮ್ ದೋಷ ನೋಡುವ ಪರೀಕ್ಷೆ) ಮತ್ತು ಟಿಪಿ53 ಪರೀಕ್ಷೆ ಮತ್ತೆ ಮಾಡಿಸಬೇಕು. ಮೊದಲ ಸಲ ಇಲ್ಲದ ದೋಷ ಆಮೇಲೆ ಹುಟ್ಟಿಕೊಳ್ಳುತ್ತದೆ. ಮೊದಲ ಬಗೆಯ ಮಾತ್ರೆ ಸೋತು ಎರಡನೆಯದನ್ನು ಶುರು ಮಾಡುವ ಹೊತ್ತಿಗೆ ಕಸಿ ವೈದ್ಯರನ್ನು ಒಮ್ಮೆ ಕಾಣಬೇಕು. ಕಾಣುವುದು ಎಂದರೆ ಒಪ್ಪಿದಂತೆ ಅಲ್ಲ. ಹೃದಯ, ಶ್ವಾಸಕೋಶ, ಕಿಡ್ನಿ ಎಷ್ಟು ತಡೆಯುತ್ತವೆ, ಮನೆಯಲ್ಲಿ ಯಾರು ಹೊಂದುತ್ತಾರೆ, ಖರ್ಚೆಷ್ಟು ಎಂದು ಕೇಳಿ ಮನೆಗೆ ಬರಬಹುದು. ರಿಜಿಸ್ಟ್ರಿಯಲ್ಲಿ ಹುಡುಕಿ, ದಾನಿಯನ್ನು ಒಪ್ಪಿಸಿ, ಅವರ ತಪಾಸಣೆ ಮುಗಿಸಿ ಕಣ ಕೈಗೆ ಬರಲು ತಿಂಗಳುಗಳೇ ಬೇಕು. ಕಾಯಿಲೆ ಕೆರಳಿದ ಮೇಲೆ ಅಷ್ಟು ಸಮಯ ಸಿಗುವುದಿಲ್ಲ. ಎಚ್‌ಎಲ್‌ಎ ಪರೀಕ್ಷೆಗೆ ಕೆನ್ನೆಯ ಒಳಗಿನಿಂದ ಹತ್ತಿಯಲ್ಲಿ ಸವರಿದ ಮಾದರಿಯೂ ಸಾಕು. ಅದರ ಫಲಿತಾಂಶ ವಯಸ್ಸಾದಂತೆ ಬದಲಾಗುವುದಿಲ್ಲ. ಇವತ್ತು ಮಾಡಿಸಿಟ್ಟ ವರದಿ ಎಂಟು ವರ್ಷದ ನಂತರವೂ ಉಪಯೋಗಕ್ಕೆ ಬರುತ್ತದೆ. ಮಾತ್ರೆ ಅಷ್ಟೂ ವರ್ಷ ಕೆಲಸ ಮಾಡಿದರೆ ಆ ಫೈಲು ಬೀರುವಿನಲ್ಲೇ ಇರಲಿ.